ನಿಮಗಿದು ಗೊತ್ತೇ? ಗಿಟಾರಿನ ಸಡಿಲ ಪಿನ್ನು

ಗಿಟಾರಿನ ಬುಡದಲ್ಲಿ ಬೆಲ್ಟ್ ಸಿಕ್ಕಿಸುವ ಆ ಪುಟ್ಟ ಪಿನ್ನನ್ನು ಹಿಡಿದಿರುವುದು ಹೊರಗೆ ಕಾಣುವ ಮರವಲ್ಲ. ಅಕೌಸ್ಟಿಕ್ ಗಿಟಾರಿನ ಪಕ್ಕದ ಹಲಗೆಯ ದಪ್ಪ ಸುಮಾರು 2 ಮಿಲಿಮೀಟರ್. ಅಷ್ಟರಲ್ಲಿ ಯಾವ ಸ್ಕ್ರೂ ತಾನೇ ನಿಂತೀತು? ಹಿಡಿತವೆಲ್ಲ ಒಳಗೆ ಅಂಟಿಸಿರುವ ಎಂಡ್ ಬ್ಲಾಕ್ ಎಂಬ ಮರದ ತುಂಡಿನದು. ಹಲವು ಗಿಟಾರುಗಳಲ್ಲಿ ಅದು ಮಹಾಗನಿ. ತಂತಿ ಸಡಿಲಿಸಿ, ಮೊಬೈಲಿನ ಟಾರ್ಚ್ ಹಚ್ಚಿ ಸೌಂಡ್ ಹೋಲಿನೊಳಗೆ ಇಣುಕಿದರೆ ಕಾಣುತ್ತದೆ.

ಹೊರಗಿನ ಹಲಗೆ ಮಾತ್ರ ನಮ್ಮ ಕಡೆಯದೇ ಇರಬಹುದು. 1833ರಲ್ಲಿ ಶುರುವಾದ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ ರೋಸ್‌ವುಡ್ ಬದಲು ಭಾರತದ ರೋಸ್‌ವುಡ್ಡಿಗೆ ಹೊರಳಿತು. ಅದು ಬೇರೆ ಯಾವುದೂ ಅಲ್ಲ, ನಮ್ಮ ಪಶ್ಚಿಮ ಘಟ್ಟದ ಬೀಟೆ.

ಪಿನ್ ಸಡಿಲವಾದರೆ ಶ್ರುತಿ ಕೆಡುವುದಿಲ್ಲ. ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ ಆದರೂ ಅದನ್ನೆಲ್ಲ ತಡೆಯುವುದು ಬ್ರಿಡ್ಜ್. ಪಿನ್ನಿನ ಪಾಲಿಗೆ ಬರುವುದು ಗಿಟಾರಿನ ತೂಕ ಮಾತ್ರ, ಅದೂ 2 ಕಿಲೋ ಆಸುಪಾಸು. ಪಿಟೀಲಿನ ಕಥೆ ಬೇರೆ. ಅಲ್ಲಿ ನಾಲ್ಕೂ ತಂತಿಗಳ ಎಳೆತ ಬಾಲಪಟ್ಟಿಯ ಮೂಲಕ ಬುಡದ ಗುಂಡಿಗೇ ಬೀಳುತ್ತದೆ. ಅದು ಕಿತ್ತುಬಂದರೆ ಕಛೇರಿ ಅಲ್ಲಿಗೆ ಮುಗಿಯಿತು.

ಪಿನ್ನಿನಲ್ಲಿ ಎರಡು ಜಾತಿ. ಒಂದು ಸ್ಕ್ರೂ ಹಾಕಿ ಬಿಗಿದದ್ದು, ತಲೆಯ ಮೇಲೆ ಸ್ಕ್ರೂಡ್ರೈವರ್ ಗೀರು ಕಾಣುತ್ತದೆ. ಇನ್ನೊಂದಕ್ಕೆ ಸ್ಕ್ರೂ ಇಲ್ಲ, ಗೀರೂ ಇಲ್ಲ; ತುದಿಗೆ ಹೋಗುತ್ತಾ ಸಣ್ಣಗಾಗುವ ಮೊಳೆ. ನಮ್ಮ ತಂಬೂರಿಯ ಬಿರಡೆ ಇದೆಯಲ್ಲ, ಥೇಟ್ ಅದೇ ಉಪಾಯ: ಒತ್ತಿ ತಿರುವಿದಷ್ಟೂ ಕಚ್ಚಿಕೊಳ್ಳುತ್ತದೆ. ಮಾರ್ಟಿನ್ ಗಿಟಾರುಗಳ ಬುಡದಲ್ಲಿ ಇರುವುದು ಸಾಮಾನ್ಯವಾಗಿ ಈ ಬಿರಡೆ ಜಾತಿಯೇ. ರಿಪೇರಿಗೆ ಕೈಹಾಕುವ ಮೊದಲು ನಿಮ್ಮದು ಯಾವುದೆಂದು ನೋಡಿಕೊಳ್ಳಿ.

ಬಿರಡೆ ಜಾತಿ ಬೇಸಿಗೆಯಲ್ಲಿ ಜಾರುತ್ತದೆ, ಮಳೆಗಾಲದಲ್ಲಿ ಬಿಗಿಯಾಗುತ್ತದೆ. ಗಾಳಿ ಒಣಗಿದಾಗ ಮರ ಎಳೆಗೆ ಅಡ್ಡಲಾಗಿ ಕುಗ್ಗುವುದೇ ಕಾರಣ. ಗಿಟಾರಿಗೆ ಹಿತವಾದ ತೇವಾಂಶ ಶೇ. 45ರಿಂದ 55, ಬಯಲುಸೀಮೆಯ ಮಾರ್ಚ್ ತಿಂಗಳಿಗೆ ಅದು ಎಲ್ಲಿಂದ ಬರಬೇಕು! ಜಾರಿದ ಪಿನ್ನಿಗೆ ತೆಳು ಕಾಗದದ ಒಂದು ಸುತ್ತು ಸುತ್ತಿಯೋ ಸೀಮೆಸುಣ್ಣ ಸವರಿಯೋ, ತಿರುವುತ್ತಾ ಒತ್ತಿದರೆ ಎಷ್ಟೋ ಸಲ ಸಾಕಾಗುತ್ತದೆ. ಸುತ್ತಿಗೆ ಬೇಡವೇ ಬೇಡ. ಹೊಡೆತಕ್ಕೆ ಪಕ್ಕದ ಹಲಗೆ ಸೀಳುತ್ತದೆ.

ಸ್ಕ್ರೂ ಜಾತಿಯದು ನನ್ನದು. ನಮ್ಮ ಬೀದಿಯ ಗಣೇಶೋತ್ಸವದಲ್ಲಿ ಎರಡನೇ ಹಾಡಿನ ನಡುವೆ ಬೆಲ್ಟು ಪಿನ್ನಿನ ಸಮೇತ ಕೈಕೊಟ್ಟಿತು. ಎಡಗೈ ಕತ್ತನ್ನು ಹಿಡಿದಿದ್ದರಿಂದ ಗಿಟಾರ್ ಉಳಿಯಿತು. ನನ್ನ ಮಾನದ ಬಗ್ಗೆ ಹೇಳಲಾರೆ. ಮನೆಗೆ ಬಂದು ನೋಡಿದರೆ ಸ್ಕ್ರೂ ಎಷ್ಟು ತಿರುವಿದರೂ ಸುತ್ತುತ್ತಿತ್ತು, ಕಚ್ಚುತ್ತಿರಲಿಲ್ಲ. ಬಡಗಿಗಳು ಬಾಗಿಲ ಕೀಲಿಗೆ ಮಾಡುವುದನ್ನು ನೋಡಿದ್ದೆನಲ್ಲ, ತೂತಿಗೆ ಅಂಟು ಹಚ್ಚಿದ ಬೆಂಕಿಕಡ್ಡಿ ತುರುಕಿದೆ. ಮಾರನೆಯ ದಿನವೇ ಮತ್ತೆ ಸಡಿಲ. ನಾನು ತುರುಕಿದ್ದು ಮೇಣದ ಕಡ್ಡಿ! ಅದು ಮರವೇ ಅಲ್ಲ, ಮೇಣ ಹಚ್ಚಿದ ಕಾಗದದ ಸುರುಳಿ. ಅದಕ್ಕೆ ಅಂಟು ಹಿಡಿಯುವುದೆಲ್ಲಿಂದ?

ಎರಡನೇ ಸಲ ಸರಿಯಾಗಿ ಮಾಡಿದೆ. ಮರದ ಟೂತ್‌ಪಿಕ್ಕುಗಳನ್ನು ಬಡಗಿಗಳ ಬಿಳಿ ಅಂಟಿನಲ್ಲಿ ಅದ್ದಿ, ತೂತು ತುಂಬುವವರೆಗೆ ಒಂದೊಂದಾಗಿ ಇಳಿಸಿದೆ, ನಾಲ್ಕು ಹಿಡಿದವು. ಹೊರಗೆ ಚಾಚಿದ್ದನ್ನು ಬ್ಲೇಡಿನಿಂದ ಸಮಕ್ಕೆ ಕತ್ತರಿಸಿ, ಪಾಲಿಶ್ ಮೇಲೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ, ಪೂರ್ತಿ ಒಂದು ದಿನ ಮುಟ್ಟಲಿಲ್ಲ. ಆಮೇಲೆ ಸ್ಕ್ರೂವಿನ ಎಳೆ ಬಿಟ್ಟು ಒಳತಿರುಳಿನಷ್ಟೇ ದಪ್ಪದ ಸಣ್ಣ ತೂತು ಕೊರೆದು, ಎಳೆಗೆ ಮೇಣದಬತ್ತಿ ಉಜ್ಜಿ, ಕೈಯಿಂದ ತಿರುವಿದೆ. ಕೊನೆಯ ಎರಡು ಸುತ್ತಿನಲ್ಲಿ ಮರ ಕಿರ್ರೆಂದಿತು. ಕೇಳಬೇಕಾದ ಶಬ್ದ ಅದೇ. ತೂತು ತೀರಾ ಅಗಲವಾಗಿದ್ದರೆ ಟೂತ್‌ಪಿಕ್ ಸಾಲದು. ಕೊರೆದು ದುಂಡಗೆ ಮಾಡಿ ಗಟ್ಟಿಮರದ ಗೂಟ ಅಂಟಿಸಿ, ಅದರಲ್ಲಿ ಹೊಸ ತೂತು ತೆಗೆಯಬೇಕು.

ಬಿಚ್ಚಿದ ಸ್ಕ್ರೂವನ್ನು ಮತ್ತೆ ಹಾಕುವಾಗ ಮೊದಲು ಎಡಕ್ಕೆ ತಿರುವಿ. ಹಳೆಯ ಎಳೆಗೆ ಬಿದ್ದೊಡನೆ ಟಕ್ಕೆಂದು ಕೈಗೆ ತಿಳಿಯುತ್ತದೆ, ಅಲ್ಲಿಂದ ಬಲಕ್ಕೆ. ಬಡಗಿಗಳ ಈ ಬುದ್ಧಿಯನ್ನು ಮರೆತವರ ತೂತು ಬೇಗ ಹಾಳಾಗುತ್ತದೆ.

ದಪ್ಪ ಸ್ಕ್ರೂ ಜಡಿಯುವುದು ಸುಲಭ, ಸರಿ. ಆದರೆ ತೂತು ಹಿಗ್ಗಿಸದೆ ಜಡಿದರೆ ಬ್ಲಾಕ್ ಬಿರುಕು ಬಿಡಬಹುದು. ಉದ್ದದ್ದು ಹಾಕಿದರೆ ಬ್ಲಾಕ್ ದಾಟಿ ಒಳಗೆ ಮೂಗು ಚಾಚಬಹುದು.

ಚಿಟಿಕೆಯಲ್ಲಿ ಅಂಟುವ ಸೂಪರ್ ಗ್ಲೂ 1942ರಲ್ಲಿ ಸಿಕ್ಕಿದ್ದು ಅಂಟಿನ ಹುಡುಕಾಟದಲ್ಲಲ್ಲ. ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಅರಸುತ್ತಿದ್ದ ಹ್ಯಾರಿ ಕೂವರ್ ತಂಡ ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಅದನ್ನು ಬದಿಗೆ ಸರಿಸಿತ್ತು. ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಪಿನ್ನಿಗೆ ಅದನ್ನು ಸುರಿಯಬೇಡಿ. ಮುಂದೆ ಸ್ಪೀಕರಿಗೆ ಧ್ವನಿ ಕಳಿಸುವ ಪಿಕಪ್ ಕೂರಿಸಲು ಆ ಪಿನ್ ಕೀಳಬೇಕಾಗುತ್ತದೆ, ಆಗ ಬರುವುದಿಲ್ಲ.

ಪಿಕಪ್ ಇರುವ ಹಲವು ಗಿಟಾರುಗಳಲ್ಲಿ ಬುಡದ ಪಿನ್ನೇ ಕೇಬಲ್ ಚುಚ್ಚುವ ಜಾಕ್ ಕೂಡ. ಅದಕ್ಕೆ ಬೇಕಾದ ತೂತು ಸುಮಾರು ಅರ್ಧ ಇಂಚು. ಸಡಿಲವಾಯಿತೆಂದು ಹೊರಗಿನಿಂದ ಸುಮ್ಮನೆ ತಿರುವಿದರೆ ಇಡೀ ಜಾಕ್ ಸುತ್ತಿ ಒಳಗಿನ ತಂತಿಯ ಬೆಸುಗೆ ಕಿತ್ತುಹೋಗುತ್ತದೆ. ಜಾಕ್ ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ಬಿಗಿಯಬೇಕು.

ಕತ್ತಿನ ಬುಡಕ್ಕೆ ಎರಡನೇ ಪಿನ್ ಬೇಕೇ? ನಿಲ್ಲಿ. ಕೆಲವು ಗಿಟಾರುಗಳ ಕತ್ತನ್ನು ಒಳಗಿನಿಂದ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಜಾಗ ಗೊತ್ತಿಲ್ಲದೆ ಕೊರೆದರೆ ಡ್ರಿಲ್ ನೇರ ಅದಕ್ಕೇ ಬಡಿಯುತ್ತದೆ. ಈ ಒಂದನ್ನು ರಿಪೇರಿಯವರಿಗೆ ಬಿಡಿ.

ಶಾಸ್ತ್ರೀಯ ಸ್ಪ್ಯಾನಿಷ್ ಗಿಟಾರಿಗೆ ಸಾಮಾನ್ಯವಾಗಿ ಪಿನ್ನೇ ಇಲ್ಲ. ಎಡಗಾಲು ಪುಟ್ಟ ಮಣೆಯ ಮೇಲಿಟ್ಟು, ಕೂತು ನುಡಿಸುತ್ತಾರೆ. ವಿಶ್ವಮೋಹನ ಭಟ್ಟರ ಮೋಹನ ವೀಣೆಯೂ ತೊಡೆಯ ಮೇಲೆ ಮಲಗುತ್ತದೆ, ಅದಕ್ಕೂ ಬೆಲ್ಟಿನ ಹಂಗಿಲ್ಲ.

ಕೂತೇ ನುಡಿಸುವ ಸೆಲ್ಲೋಗೆ ಮಾತ್ರ ಪಿನ್ ಉಂಟು. ಅದರ ಎಂಡ್ ಪಿನ್ ಎಂದರೆ ನೆಲಕ್ಕೆ ಊರುವ ಉದ್ದ ಸಲಾಕೆ. 19ನೇ ಶತಮಾನದಲ್ಲಿ ಅದನ್ನು ರೂಢಿಗೆ ತಂದವರಲ್ಲಿ ಬೆಲ್ಜಿಯಂನ ಅಡ್ರಿಯೆನ್ ಫ್ರಾಂಸ್ವಾ ಸರ್ವೆ ಹೆಸರು ಮೊದಲು ಬರುತ್ತದೆ. ಅದಕ್ಕೂ ಮುಂಚೆ ವಾದ್ಯವನ್ನು ಮೀನಖಂಡಗಳ ನಡುವೆ ಅಮುಕಿ ಹಿಡಿಯುತ್ತಿದ್ದರು, ಪಾಪ.

ಮತ್ತೆ ಗಿಟಾರಿಗೆ ಬಂದರೆ, ಪಿನ್ನಿನಡಿಯ ಫೆಲ್ಟ್ ಬಿಲ್ಲೆ ಅಲಂಕಾರಕ್ಕಲ್ಲ, ಪಾಲಿಶ್ ಉಳಿಸಲು. ಬೆಲ್ಟ್ ಕಳಚದಂತೆ ಕ್ಲಿಪ್ ಇರುವ ಬೀಯರ್ ಬಾಟಲಿಯ ಕೆಂಪು ರಬ್ಬರ್ ಉಂಗುರವನ್ನು ಮೇಲಿಂದ ತೊಡಿಸುವವರಿದ್ದಾರೆ. ದುಬಾರಿ ಲಾಕಿನ ಬದಲಿಗೆ ಇದೂ ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಓದಿದ ಮೇಲೆ ಒಮ್ಮೆ ನಿಮ್ಮ ಗಿಟಾರಿನ ಪಿನ್ನನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ ನೋಡಿ. ತಿರುಗಿತೇ? ಹಾಗಾದರೆ ಸರಿಪಡಿಸುವ ತನಕ ಕೂತೇ ನುಡಿಸಿ.