ಮಳೆ ಲೆಕ್ಕದ ಪೆಟ್ಟಿಗೆಯನ್ನು ನೋಡುವ ಬಗೆ

ತೋಟದ ಹವಾಮಾನ ಕಂಬದಲ್ಲಿರುವ ಡಾಟಾಲಾಗರ್ ಎಂಬ ಪೆಟ್ಟಿಗೆ ಮಳೆ, ಶಾಖ, ತೇವವನ್ನು ಹೊತ್ತುಹೊತ್ತಿಗೆ ಬರೆದಿಡುತ್ತೆ. ನೀರು ಬಿಡೋದು, ಔಷಧಿ ಹೊಡೆಯೋದು ಆ ಲೆಕ್ಕದ ಮೇಲೆಯೇ. ಕ್ಯಾಂಪ್‌ಬೆಲ್ ಸೈಂಟಿಫಿಕ್‌ನವರ ಸಿಆರ್ 1000 ಅಂಥದ್ದು. ಅದರ ಮೈಮೇಲೆ ತೆರೆಯಿಲ್ಲ. 16 ಗುಂಡಿ, 8 ಸಾಲಿನ ತೆರೆಯುಳ್ಳ ಕೈಫಲಕ ಸಿಕ್ಕಿಸಿದರೆ ಒಳಗಿನ ಲೆಕ್ಕ ಕಾಣುತ್ತೆ.

ಮೊದಲು ಗಡಿಯಾರ ನೋಡಿ. ಅದು ತಪ್ಪಿದ್ದರೆ ಇಂದಿನ ಮಳೆ ನಿನ್ನೆಯ ಲೆಕ್ಕಕ್ಕೆ ಸೇರೀತು. ಬ್ಯಾಟರಿ 12 ವೋಲ್ಟ್ ಆಸುಪಾಸಿನಲ್ಲಿರಲಿ, 9.6ಕ್ಕಿಂತ ಇಳಿದರೆ ಅಳತೆ ನಿಲ್ಲುತ್ತೆ. ಬಳಿಕ ಮಳೆಮಾಪಕಕ್ಕೆ ನಿಧಾನವಾಗಿ ನೀರು ಹನಿಸಿ. ತೆರೆಯ ಮೇಲೆ ಅಂಕಿ ಏರದಿದ್ದರೆ ಕಸ ಕಟ್ಟಿರಬಹುದು, ಇಲ್ಲವೇ ಇಲಿ ತಂತಿ ಕಡಿದಿರಬಹುದು. ಈ ಸುಳ್ಳು ಮಳೆಯೂ ದಾಖಲಾಗುತ್ತೆ ನೋಡಿ! ಹೊತ್ತು ಗುರುತು ಹಾಕಿಕೊಂಡು ಆಮೇಲೆ ಕಳೆಯಿರಿ.

ಎಷ್ಟು ನಿಮಿಷಕ್ಕೊಮ್ಮೆ ಅಳೆಯಬೇಕೆಂಬ ಪ್ರೋಗ್ರಾಮನ್ನೂ ಗುಂಡಿಗಳಿಂದಲೇ ತಿದ್ದಬಹುದು. ಆದರೆ ಹೊಸದನ್ನು ಓಡಿಸಿದಾಗ ಹಳೆಯ ಲೆಕ್ಕ ಅಳಿಸಿಹೋಗಬಹುದು. ಅದನ್ನು ಮೊದಲೇ ಇಳಿಸಿಟ್ಟುಕೊಳ್ಳಿ.