ವಯಸ್ಕರಿಗೆ ಸಮಾಜಕಾರ್ಯದ ಬೋಧನೆ: ಸಂಶೋಧನ ವಿದ್ಯಾರ್ಥಿಗಳ ಸಿದ್ಧತೆ

ನಮ್ಮ ದೇಶದಲ್ಲಿ ಸಮಾಜಕಾರ್ಯದ ಕ್ರಮಬದ್ಧ ಶಿಕ್ಷಣವು 1936ರಲ್ಲಿ ಮುಂಬಯಿಯ ಸರ್ ದೊರಾಬ್ಜಿ ಟಾಟಾ ಶಾಲೆಯೊಂದಿಗೆ ಮೊದಲಾಯಿತು. ಕ್ಷೇತ್ರಕಾರ್ಯವೇ ಈ ಶಾಸ್ತ್ರದ ಜೀವಾಳ. ಆದರೆ ಮುಂದೆ ಇದನ್ನು ಬೋಧಿಸಬೇಕಾದ ಸಂಶೋಧನ ವಿದ್ಯಾರ್ಥಿಯು ತನಗಿಂತ ಹಿರಿಯರಾದವರ ಎದುರು ಪಾಠ ಹೇಳುವ ಬಗೆಯನ್ನು ಎಲ್ಲಿ ಕಲಿಯಬೇಕು? ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಗಳು ಡಾಕ್ಟರೇಟ್ ವಿದ್ಯಾರ್ಥಿಗಳಿಗೆ ಬೋಧನೆ, ಬರವಣಿಗೆಗಳ ತರಬೇತಿಯನ್ನು ವಿಧಿಸಿವೆ; ವಾರಕ್ಕೆ 4ರಿಂದ 6 ಗಂಟೆಗಳ ಸಹಾಯಕತ್ವಕ್ಕೂ ಅವಕಾಶವಿತ್ತಿವೆ. ಆ ಗಂಟೆಗಳನ್ನು ಹೇಗೆ ಬಳಸಬೇಕೆಂಬ ಹೊಣೆ ವಿಭಾಗಗಳದು.

ದೇವನಹಳ್ಳಿಯ ನಿದರ್ಶನವನ್ನು ತೆಗೆದುಕೊಳ್ಳೋಣ. ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ಭೂಮಿಯ ಸ್ವಾಧೀನವನ್ನು ವಿರೋಧಿಸಿ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ನಡೆಸಿದರು. 2025ರ ಜುಲೈ ತಿಂಗಳಲ್ಲಿ ಸರ್ಕಾರವು ಅದನ್ನು ಕೈಬಿಡುವುದಾಗಿ ಘೋಷಿಸಿತು. ಅಂತಹ ಗ್ರಾಮವೊಂದರ ನಲವತ್ತು ವರ್ಷದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ದೂರಶಿಕ್ಷಣದ ಮೂಲಕ ಸಮಾಜಕಾರ್ಯವನ್ನು ಓದಲು ಬಂದರೆನ್ನಿ. ಅವರಿಗೆ ‘ಸಮುದಾಯ ಸಂಘಟನೆ’ಯ ವ್ಯಾಖ್ಯೆಯನ್ನು ಬರೆಯಿಸುವ ತರುಣ ಸಂಶೋಧಕನ ಪಾಡು ನಗೆಗೀಡಾದುದೇ ಸರಿ. ಧರಣಿಗೆ ಯಾರು ಬಂದರು, ಯಾರು ಬರಲಿಲ್ಲ, ಪರಿಹಾರದ ಮಾತೆತ್ತಿದೊಡನೆ ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರು ಎಂಬುದನ್ನು ಅವರು ಬಲ್ಲರು. ಆದರೆ ಕಂಡುದನ್ನು ದಾಖಲೆ ಮಾಡುವ ಕ್ರಮ, ನೆರೆಯವರ ಗುಟ್ಟನ್ನು ಕಾಯುವ ನಿಯಮ, ಒಪ್ಪದವನ ಮಾತನ್ನೂ ಪೂರ್ಣವಾಗಿ ಕೇಳುವ ಸಂಯಮ ಇವುಗಳನ್ನು ಅವರೂ ಕಲಿಯಬೇಕಾಗಿದೆ. ಬೋಧಕನಿಗೆ ಅಲ್ಲಿ ಕೆಲಸವಿದೆ.

ಇದು ಹೊಸ ವಿಚಾರವೇನಲ್ಲ. ಡೆನ್ಮಾರ್ಕಿನ ಗ್ರುಂಡ್ಟ್‌ವಿಗ್ ಅವರ ಪ್ರೇರಣೆಯಿಂದ 1844ರಲ್ಲಿ ಆರಂಭವಾದ ಜನತಾ ಶಾಲೆಯು ಪರೀಕ್ಷೆಗಿಂತ ಸಂವಾದಕ್ಕೆ ಹೆಚ್ಚು ಬೆಲೆಯಿತ್ತಿತು. ಆ ಮಾದರಿಯನ್ನು ನೋಡಿಕೊಂಡು 1947ರಲ್ಲಿ ನಂಜನಗೂಡಿನಲ್ಲಿ ಗ್ರಾಮದ ತರುಣರಿಗಾಗಿ ವಿದ್ಯಾಪೀಠವು ಸ್ಥಾಪಿತವಾಯಿತು. ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯಕ್ಕೆ ಕೈಹಾಕಿದುದು ಅನಧಿಕಾರವೆಂದು ತೋರಬಹುದು. ಮೈಸೂರು ಸಂಸ್ಥಾನದ ಈ ಪ್ರಯೋಗವನ್ನು ಇಂದಿನ ಸಂಶೋಧಕರು ಓದದಿರುವುದೇ ನಮ್ಮನ್ನು ಇದಕ್ಕೆ ಎಳೆಯಿತು.

ಸಿದ್ಧತೆಯು ಉಪನ್ಯಾಸದಿಂದ ಆರಂಭವಾಗಬಾರದೆಂದು ನಮ್ಮ ಅಭಿಪ್ರಾಯ. ಸಂಶೋಧಕನು ಮೊದಲು ಕೆಲವು ವಾರ ವಯಸ್ಕರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರಲಿ. ಅವರ ಕ್ಷೇತ್ರಕಾರ್ಯದ ದಿನಚರಿಗಳನ್ನು ಓದಲಿ. ಆ ದಿನಚರಿಯ ಒಂದು ಘಟನೆಯಿಂದಲೇ ತನ್ನ ಮೊದಲ ಪಾಠವನ್ನು ಕಟ್ಟಲಿ. ಭಾಷೆಯ ತೊಡಕು ಬೇರೆ ಇದೆ. ಸಿದ್ಧಾಂತವನ್ನೆಲ್ಲ ಇಂಗ್ಲಿಷಿನಲ್ಲಿ ಓದಿದವನು ದೊಡ್ಡಬಳ್ಳಾಪುರದ ನೇಕಾರರ ಮುಂದೆ ‘ವೃತ್ತಿಪರ ಸಂಬಂಧ’ವೆಂಬುದನ್ನು ವಿವರಿಸಲು ತಡವರಿಸುತ್ತಾನೆ. ಈ ಅಭ್ಯಾಸಕ್ಕೆ ಕಾಲ ಬೇಕು. ಪ್ರಬಂಧಕ್ಕೆ ಮೀಸಲಾದ ಸಮಯವು ಹಾಳಾಯಿತೆಂದು ಮಾರ್ಗದರ್ಶಕರು ಮುನಿಯುವುದೂ ಉಂಟು.