ಒಂದು ಯುವಾನಿನ ಖಾತೆಯಿಂದ ಬೆಳೆದ ಬ್ಯಾಂಕು

1911ರ ಕ್ರಾಂತಿಯ ತರುವಾಯದ ಗೊಂದಲದ ದಿನಗಳಲ್ಲಿ ಚೀನಾದ ಜಿಯಾಂಗ್ಸು ಪ್ರಾಂತ್ಯದ ಸೇನಾಡಳಿತವು ಪ್ರಾಂತೀಯ ಬ್ಯಾಂಕಿನ ಠೇವಣಿದಾರರ ಪಟ್ಟಿಯನ್ನು ಒಪ್ಪಿಸುವಂತೆ ಆಜ್ಞಾಪಿಸಿತು. ವ್ಯವಸ್ಥಾಪಕ ಚೆನ್ ಗುವಾಂಗ್‌ಫು ಅದಕ್ಕೆ ಒಪ್ಪಲಿಲ್ಲ. ಹುದ್ದೆಯೇನೋ ಹೋಯಿತು, ಆದರೆ ಗ್ರಾಹಕರ ಗುಟ್ಟು ಕಾಯುವವರೆಂಬ ಹೆಸರು ಉಳಿಯಿತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಯಲ್ಲಿ ವಾಣಿಜ್ಯ ಕಲಿತು 1909ರಲ್ಲಿ ಪದವಿ ಪಡೆದಿದ್ದ ಈತ, 1915ರ ಜೂನ್‌ನಲ್ಲಿ ಶಾಂಘೈ ಕಮರ್ಷಿಯಲ್ ಅಂಡ್ ಸೇವಿಂಗ್ಸ್ ಬ್ಯಾಂಕನ್ನು ತೆರೆದರು. ಘೋಷಿತ ಬಂಡವಾಳ ಕೇವಲ ಒಂದು ಲಕ್ಷ ಯುವಾನ್; ಸಿಬ್ಬಂದಿ ಬೆರಳೆಣಿಕೆಯಷ್ಟು.

ಒಂದು ಯುವಾನ್ ಇದ್ದರೂ ಖಾತೆ ತೆರೆಯಬಹುದೆಂದು ಬ್ಯಾಂಕು ಸಾರಿದಾಗ ಪೇಟೆಯವರು ನಕ್ಕರು. ಗೇಲಿ ಮಾಡಲೆಂದೇ ಒಬ್ಬಾತ ನೂರು ಯುವಾನ್ ತಂದು ನೂರು ಖಾತೆ ಕೇಳಿದನೆಂದೂ, ಗುಮಾಸ್ತರು ಬೇಸರಿಸದೆ ನೂರು ಪಾಸ್‌ಪುಸ್ತಕ ಬರೆದುಕೊಟ್ಟರೆಂದೂ ಕಥೆಯಿದೆ. ಅದು ಎಷ್ಟು ನಿಜವೋ ತಿಳಿಯದು, ಜಾಹೀರಾತಾಗಿ ಮಾತ್ರ ಬಹಳ ಅಗ್ಗ.

ವರ್ತಕರಿಗೆ ಹೆಚ್ಚು ಉಪಯುಕ್ತವಾದದ್ದು ಬೇರೆ ಎರಡು ಕ್ರಮಗಳು. ಆಗ ಶಾಂಘೈಯಲ್ಲಿ ಸಗಟು ಲೆಕ್ಕವೆಲ್ಲ ಬೆಳ್ಳಿಯ ತೂಕವಾದ ‘ಟೇಲ್’ನಲ್ಲಿ, ಕೈಯಲ್ಲಿ ಓಡಾಡುವ ನಾಣ್ಯ ಯುವಾನ್. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವಾಗ ವ್ಯತ್ಯಾಸದ ನಷ್ಟ ಗ್ರಾಹಕನದೇ. ಚೆನ್ ಎರಡರಲ್ಲಿಯೂ ಖಾತೆ ಇಡಲು ಅವಕಾಶ ಕೊಟ್ಟರು. ಟೇಲ್ ಲೆಕ್ಕವನ್ನು ಸರ್ಕಾರ ರದ್ದುಪಡಿಸಿದ್ದು 1933ರಲ್ಲಿ. ಎರಡನೆಯದು ಸರಕಿನ ಮೇಲಣ ಸಾಲ. ಹಳೆಯ ಲೇವಾದೇವಿ ಅಂಗಡಿಗಳು ಮನುಷ್ಯನ ಮುಖ ನೋಡಿ ಸಾಲ ಕೊಡುತ್ತಿದ್ದವು. ಈ ಬ್ಯಾಂಕಾದರೋ ಗೋದಾಮುಗಳನ್ನು ನಡೆಸಿ, ಅಲ್ಲಿರಿಸಿದ ದಾಸ್ತಾನಿನ ಈಡಿನ ಮೇಲೆ ಹಣ ಒದಗಿಸಿತು. ಪೇಟೆಯಲ್ಲಿ ಪರಿಚಯಸ್ಥರಿಲ್ಲದ, ಆದರೆ ಸರಕುಳ್ಳ ಸಣ್ಣ ವ್ಯಾಪಾರಿಗೂ ಇದರಿಂದ ದಾರಿ ತೆರೆಯಿತು. 1923ರಲ್ಲಿ ಪ್ರವಾಸ ವಿಭಾಗವೂ ಆರಂಭವಾಯಿತು. ಅದೇ ಮುಂದೆ ಚೀನಾ ಟ್ರಾವೆಲ್ ಸರ್ವಿಸ್ ಎಂಬ ಪ್ರತ್ಯೇಕ ಸಂಸ್ಥೆಯಾಯಿತು.

ಹೊಡೆತ ಬಿದ್ದದ್ದು ನಾಣ್ಯದ ಕಡೆಯಿಂದ. 1934ರ ಅಮೆರಿಕದ ಬೆಳ್ಳಿ ಖರೀದಿ ಕಾಯಿದೆಯಿಂದ ಬೆಳ್ಳಿಯ ಬೆಲೆ ಏರಿ, ಚೀನಾದ ಬೆಳ್ಳಿ ಹೊರಗೆ ಹರಿಯಿತು. 1935ರ ನವೆಂಬರ್‌ನಲ್ಲಿ ಸರ್ಕಾರ ಬೆಳ್ಳಿಯನ್ನು ಕೈಬಿಟ್ಟು ಕಾಗದದ ನಾಣ್ಯಕ್ಕೆ ಬಂದಿತು. ಮರುವರ್ಷ ಅಮೆರಿಕದೊಡನೆ ಬೆಳ್ಳಿ ಮಾರಾಟದ ಒಪ್ಪಂದಕ್ಕೆ ಹೋದವರು ಚೆನ್ ಅವರೇ. ಆದರೆ ಯುದ್ಧದ ವೆಚ್ಚಕ್ಕೆ ಮುದ್ರಣಯಂತ್ರವೇ ಆಧಾರವಾಗಿ, 1948ರ ಆಗಸ್ಟ್‌ನಲ್ಲಿ ಹಳೆಯ 30 ಲಕ್ಷ ಯುವಾನಿಗೆ ಒಂದು ‘ಚಿನ್ನದ ಯುವಾನ್’ ಎಂಬ ದರ ನಿಗದಿಯಾಯಿತು. ಪುಸ್ತಕದಲ್ಲಿ ಅಂಕಿ ತಪ್ಪಿಲ್ಲ, ಖಾತೆ ತಾಳೆಯಾಗುತ್ತದೆ, ಠೇವಣಿದಾರನ ಕೈಯಲ್ಲಿ ಮಾತ್ರ ಏನೂ ಇಲ್ಲ. ಒಂದೊಂದೇ ಯುವಾನ್ ಕೂಡಿಸಿದವರಿಗೇ ಇದರ ಪೆಟ್ಟು ಹೆಚ್ಚು.

1952ರಲ್ಲಿ ಚೀನಾದೊಳಗಿನ ಶಾಖೆಗಳು ಸರ್ಕಾರಿ-ಖಾಸಗಿ ಜಂಟಿ ಬ್ಯಾಂಕಿನಲ್ಲಿ ವಿಲೀನಗೊಂಡವು. ಹಾಂಗ್‌ಕಾಂಗ್ ಶಾಖೆ 1950ರಲ್ಲಿಯೇ ಪ್ರತ್ಯೇಕ ಕಂಪನಿಯಾಗಿ ನೋಂದಾಯಿತವಾಗಿತ್ತು. ತೈವಾನಿನಲ್ಲಿ 1965ರಲ್ಲಿ ಬ್ಯಾಂಕು ಮತ್ತೆ ಬಾಗಿಲು ತೆರೆಯಿತು. ಚೆನ್ 1976ರಲ್ಲಿ ತೈಪೆಯಲ್ಲಿ ನಿಧನರಾದರು. ಈಗಲೂ ಆ ಬ್ಯಾಂಕು ತೈಪೆಯಿಂದಲೇ ನಡೆಯುತ್ತಿದೆ, ಹೆಸರಿನಲ್ಲಿ ಶಾಂಘೈಯನ್ನು ಉಳಿಸಿಕೊಂಡು.